ಹಳೇ ಬಟ್ಟೆ ಗಿರಣಿ ಸುತ್ತ ಲೆಟರ್‌ಬಾಕ್ಸಿಂಗ್: ಲೋವೆಲ್‌ನಲ್ಲಿ ಶುರು ಮಾಡೋರಿಗೆ

ಸ್ಕೂಲ್ ರಜೆ ಹತ್ರ ಬಂತು ಅಂದ್ರೆ ನನಗೆ ಬರೋ ಮೆಸೇಜ್‌ಗಳೆಲ್ಲ ಒಂದೇ ಥರ. "ಮಕ್ಕಳನ್ನ ಕರ್ಕೊಂಡು ಸ್ಟಾಂಪ್ ಹುಡುಕ್ತಾ ಓಡಾಡ್ತೀರಲ್ಲ, ಅದೇನದು, ನಾವೂ ಮಾಡ್ಬಹುದಾ, ಲೋವೆಲ್‌ನಲ್ಲಿ ಆ ಮಿಲ್ ಹತ್ರ ಡಬ್ಬಿ ಎಲ್ಲಿ ಬಚ್ಚಿಡೋದು?" (ಲೋವೆಲ್ ಅಂದ್ರೆ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಬಾಸ್ಟನ್ ಹತ್ರ ಇರೋ ಹಳೇ ಗಿರಣಿ ಊರು.) ಒಬ್ಬೊಬ್ಬರಿಗೂ ಬೇರೆ ಬೇರೆ ಟೈಪ್ ಮಾಡಿ ಸಾಕಾಗಿದೆ, ಅದಕ್ಕೆ ಎಲ್ಲಾ ಇಲ್ಲೇ ಬರೆದಿದ್ದೀನಿ. ಕೊನೇ ಪ್ರಶ್ನೆಗೆ ಮಾತ್ರ ಉತ್ತರ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಎಲ್ಲರೂ ಎಡವೋದು ಅಲ್ಲೇ: ಗಿರಣಿನ ಕ್ಲೂಗೆ ಬಳಸ್ಕೊಳ್ಳಿ, ಡಬ್ಬಿನ ಮಾತ್ರ ಬೇರೆ ಕಡೆ ಇಡಿ. ಯಾಕೆ ಅಂತ ಆರನೇ ಹಂತದಲ್ಲಿ ಹೇಳ್ತೀನಿ.

ಮೊದಲು, ಇದೇನು ಆಟ

ಲೆಟರ್‌ಬಾಕ್ಸಿಂಗ್‌ಗೂ ಅಂಚೆ ಡಬ್ಬಕ್ಕೂ ಈಗ ಸಂಬಂಧ ಅಷ್ಟಕ್ಕಷ್ಟೆ. ಯಾರೋ ಒಬ್ಬರು ಒಂದು ಸಣ್ಣ ಡಬ್ಬಿ ಬಚ್ಚಿಡ್ತಾರೆ, ಅದರೊಳಗೆ ಕೈಯಲ್ಲಿ ಕೆತ್ತಿದ ಒಂದು ರಬ್ಬರ್ ಸ್ಟಾಂಪು, ಒಂದು ಪುಟ್ಟ ನೋಟ್‌ಬುಕ್ಕು. ಡಬ್ಬಿ ಎಲ್ಲಿದೆ ಅಂತ ಒಗಟಿನ ಥರ ಕ್ಲೂ ಬರೀತಾರೆ. ನೀವು ಅದನ್ನ ಬಿಡಿಸ್ಕೊಂಡು ಹೋಗಿ ಡಬ್ಬಿ ಸಿಕ್ಕಿದ ಮೇಲೆ, ಅದರ ಸ್ಟಾಂಪ್ ನಿಮ್ಮ ಪುಸ್ತಕಕ್ಕೆ ಒತ್ಕೋತೀರಿ, ನಿಮ್ಮ ಸ್ಟಾಂಪ್ ಅದರ ಪುಸ್ತಕಕ್ಕೆ ಒತ್ತುತೀರಿ, ಎಲ್ಲಾ ಮುಂಚೆ ಇದ್ದ ಹಾಗೇ ಇಟ್ಟು ಬರ್ತೀರಿ. ಅಷ್ಟೇ. ನಿಧಿ ಅಂದ್ರೆ ಆ ಶಾಯಿ ಗುರುತೇ.

ಶುರುವಾಗಿದ್ದು ಇಂಗ್ಲೆಂಡಿನ ಡಾರ್ಟ್‌ಮೂರ್ ಅನ್ನೋ ಬಯಲು ಪ್ರದೇಶದಲ್ಲಿ. 1854ರಲ್ಲಿ ಜೇಮ್ಸ್ ಪೆರಟ್ ಅನ್ನೋ ಗೈಡು ಕ್ರಾನ್‌ಮಿಯರ್ ಪೂಲ್ ಅನ್ನೋ ಕಡೆ ಒಂದು ಬಾಟ್ಲಿ ಇಟ್ಟ, ಅಷ್ಟು ದೂರ ನಡ್ಕೊಂಡು ಬಂದೋರು ತಮ್ಮ ವಿಸಿಟಿಂಗ್ ಕಾರ್ಡ್ ಅದರೊಳಗೆ ಹಾಕಿ ಹೋಗ್ತಿದ್ರು. ಆಮೇಲೆ ಪತ್ರ ಹಾಕೋದು ಬಂತು, ಸ್ಟಾಂಪ್ ಬಂತು. ಅಮೆರಿಕದಲ್ಲಿ ಇದು ಹಬ್ಬಿದ್ದು 1998ರಲ್ಲಿ ಸ್ಮಿತ್ಸೋನಿಯನ್ ಪತ್ರಿಕೆಯಲ್ಲಿ ಒಂದು ಲೇಖನ ಬಂದ ಮೇಲೆ. ಜಿಯೋಕ್ಯಾಶಿಂಗ್ ಅಂತ ಇನ್ನೊಂದಿದೆಯಲ್ಲ, ಜಿಪಿಎಸ್ ಹಿಡ್ಕೊಂಡು ಹುಡುಕೋದು, ಅದು 2000ದಲ್ಲಿ ಹುಟ್ಟಿದ್ದು. ಅದರಲ್ಲಿ ಆಟದ ಸಾಮಾನು ಅದಲು ಬದಲು ಮಾಡ್ಕೋತಾರೆ, ಇಲ್ಲಿ ಡಬ್ಬಿಯಿಂದ ಏನೂ ತಗೊಂಡು ಬರೋ ಹಾಗಿಲ್ಲ. ಈ ವ್ಯತ್ಯಾಸ ಮಕ್ಕಳಿಗೆ ಮನೆಯಲ್ಲೇ ಹೇಳಿ ಕರ್ಕೊಂಡು ಹೋಗಿ. ಹೊಸಬರು ಮಾಡೋ ದೊಡ್ಡ ತಪ್ಪೇ ಅದು, ಸ್ಟಾಂಪೇ ಬಹುಮಾನ ಅಂದ್ಕೊಂಡು ಜೇಬಿಗೆ ಹಾಕ್ಕೊಂಡು ಬರೋದು.

ಹಂತ 1: ಸಾಮಾನು ಜೋಡಿಸ್ಕೊಳ್ಳಿ

ದುಡ್ಡು ಜಾಸ್ತಿ ಬೇಡ. ಗೆರೆ ಇಲ್ಲದ ದಪ್ಪ ಹಾಳೆಯ ಸಣ್ಣ ಪುಸ್ತಕ ಒಂದು (ತೆಳು ಹಾಳೆ ಆದ್ರೆ ಶಾಯಿ ಹಿಂದಕ್ಕೆ ಇಳಿಯತ್ತೆ), ನಿಮ್ಮದೇ ಒಂದು ಸ್ಟಾಂಪು, ಇಂಕ್ ಪ್ಯಾಡು, ಪೆನ್ನು, ದಿಕ್ಸೂಚಿ ಅಂದ್ರೆ ಕಂಪಾಸು, ಸ್ವಲ್ಪ ಟಿಶ್ಯೂ, ಎರಡು ಮೂರು ಎಕ್ಸ್‌ಟ್ರಾ ಜಿಪ್‌ಲಾಕ್ ಕವರು. ಕವರು ಯಾಕೆ ಅಂದ್ರೆ ನಿಮಗೆ ಸಿಗೋ ಡಬ್ಬಿಯ ಕವರ್ ಹರಿದಿದ್ರೆ ಬದಲಾಯಿಸಿ ಬರ್ಬಹುದು, ಈ ಆಟದಲ್ಲಿ ಅದೊಂದು ಮರ್ಯಾದೆ.

ಟ್ರೇಲ್ ನೇಮ್ ಅಂತ ಒಂದು ಇಟ್ಕೋಬೇಕು, ಅಂದ್ರೆ ಆಟದಲ್ಲಿ ನಿಮ್ಮ ಅಡ್ಡಹೆಸರು. ಲಾಗ್‌ಬುಕ್‌ನಲ್ಲಿ, ಅಂದ್ರೆ ಡಬ್ಬಿ ಒಳಗಿನ ಪುಸ್ತಕದಲ್ಲಿ, ನಿಜವಾದ ಹೆಸರು, ಫೋನ್ ನಂಬರ್ ಬರೀಬೇಡಿ. ಅಡ್ಡಹೆಸರು, ಊರು, ತಾರೀಖು ಸಾಕು.

ಹಂತ 2: ನಿಮ್ಮ ಸ್ಟಾಂಪ್ ನೀವೇ ಕೆತ್ಕೊಳ್ಳಿ

ಅಂಗಡಿಯಲ್ಲಿ ಕೊಂಡ ಸ್ಟಾಂಪೂ ನಡೆಯತ್ತೆ, ಬೇಡ ಅನ್ನಲ್ಲ. ಆದ್ರೆ ಈ ಆಟದ ಮಜಾ ಅರ್ಧಕ್ಕರ್ಧ ಇಲ್ಲೇ ಇರೋದು, ಅದಕ್ಕೆ ಸ್ವಲ್ಪ ಜಾಸ್ತಿನೇ ಬರೀತೀನಿ.

ಕೆತ್ತೋಕೆ ಮೆತ್ತಗಿರೋ ರಬ್ಬರ್ ಬ್ಲಾಕ್ ಬೇಕು. ಆರ್ಟ್ ಸಾಮಾನಿನ ಅಂಗಡಿಯಲ್ಲಿ ಗುಲಾಬಿ ಬಣ್ಣದ್ದು ಸಿಗತ್ತೆ, ಕಾರ್ವಿಂಗ್ ಬ್ಲಾಕ್ ಅಂತ ಕೇಳಿ. ಮೊದಲ ಪ್ರಯೋಗಕ್ಕೆ ದೊಡ್ಡ ಸೈಜಿನ ಬಿಳಿ ಎರೇಸರ್ರೇ ಸಾಕು. ಜೊತೆಗೆ ಲೈನೋ ಕಟ್ಟರ್, ಅಂದ್ರೆ ತುದಿಯಲ್ಲಿ V ಆಕಾರದ ಬ್ಲೇಡ್ ಇರೋ ಹಿಡಿ. ಸಣ್ಣ ಗೆರೆಗೆ ಒಂದನೇ ನಂಬರ್ ಬ್ಲೇಡು, ಸ್ವಲ್ಪ ಅಗಲಕ್ಕೆ ಎರಡನೇದು.

ಚಿತ್ರನ ನೇರ ಬ್ಲಾಕ್ ಮೇಲೆ ಬರೀಬೇಡಿ, ಒತ್ತಿದಾಗ ಕನ್ನಡಿಯಲ್ಲಿ ನೋಡಿದ ಹಾಗೆ ಉಲ್ಟಾ ಬರತ್ತೆ. ನಾನು ಮೊದಲ ಸಲ "ಮಗ್ಗ" ಅಂತ ಚೆನ್ನಾಗಿ ಕೆತ್ತಿ ಒತ್ತಿ ನೋಡಿದ್ರೆ ಯಾವ ಭಾಷೆ ಅಂತಾನೇ ಗೊತ್ತಾಗ್ಲಿಲ್ಲ. ಸರಿಯಾದ ದಾರಿ ಅಂದ್ರೆ ಟ್ರೇಸಿಂಗ್ ಪೇಪರ್ ಮೇಲೆ ಮೆತ್ತನೆ ಪೆನ್ಸಿಲ್‌ನಲ್ಲಿ ಸೀದಾ ಬರೀರಿ, ಬರೆದ ಕಡೆ ಕೆಳಗೆ ಬರೋ ಹಾಗೆ ಬ್ಲಾಕ್ ಮೇಲೆ ಮಗುಚಿ ಹಾಕಿ ಚಮಚದ ಬೆನ್ನಿಂದ ತಿಕ್ಕಿ. ಪೆನ್ಸಿಲ್ ಗುರುತು ಉಲ್ಟಾ ಆಗಿ ಬ್ಲಾಕ್‌ಗೆ ಅಂಟತ್ತೆ, ಅದನ್ನ ಹಾಗೇ ಕೆತ್ತಿದ್ರೆ ಒತ್ತಿದಾಗ ಸೀದಾ ಬರತ್ತೆ.

ಈಗ ಕೆತ್ತನೆ. ಒಂದು ಮುಖ್ಯ ವಿಷ್ಯ, ತಿರುವು ಬಂದ ಕಡೆ ಚಾಕು ತಿರುಗಿಸಬೇಡಿ, ಬ್ಲಾಕ್ ತಿರುಗಿಸಿ. ಚಾಕು ಹಿಡಿದ ಕೈ ನೆಟ್ಟಗೆ ಒಂದೇ ಕಡೆ ಇರಲಿ, ಎಡಗೈ ಬ್ಲಾಕ್‌ನ ನಿಧಾನಕ್ಕೆ ಸುತ್ತಿಸ್ತಾ ಹೋಗಲಿ, ರೊಟ್ಟಿ ತಟ್ಟುವಾಗ ಸುತ್ತಿಸ್ತೀವಲ್ಲ ಹಾಗೆ. ನಮ್ಮ ಅಕ್ಷರ ಎಲ್ಲಾ ಗುಂಡುಗುಂಡಗೆ ಇರೋದ್ರಿಂದ ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ, ಇಂಗ್ಲಿಷ್ ಅಕ್ಷರದ ಮೂಲೆಗಳೇ ಕಷ್ಟ. ತೊಂದರೆ ಬರೋದು ಥ, ಠ ಇಂಥ ಅಕ್ಷರಕ್ಕೆ. ಸುತ್ತಲಿನ ರಬ್ಬರ್ ಎಲ್ಲಾ ತೆಗೆದು ಅಕ್ಷರ ಎದ್ದು ನಿಲ್ಲೋ ಹಾಗೆ ಕೆತ್ತಿದ್ರೆ ಒಳಗಿನ ಆ ಚುಕ್ಕಿ ದ್ವೀಪದ ಹಾಗೆ ಒಂಟಿಯಾಗಿ ಉಳಿಯತ್ತೆ, ನಾಲ್ಕು ಸಲ ಒತ್ತೋದ್ರೊಳಗೆ ಕಿತ್ತು ಬರತ್ತೆ. ಅದಕ್ಕೆ ಉಪಾಯ, ಅಕ್ಷರನೇ ಕಾಲುವೆ ಥರ ಕೊರೆದುಬಿಡಿ, ಸುತ್ತಲಿನ ರಬ್ಬರ್ ಹಾಗೇ ಬಿಡಿ. ಬಣ್ಣದ ನೆಲದ ಮೇಲೆ ಬಿಳೀ ಅಕ್ಷರ ಬರತ್ತೆ, ನೋಡೋಕೂ ಚಂದ, ಒತ್ತಕ್ಷರಕ್ಕೂ ಇದೇ ಸರಿ.

ಇನ್ನೊಂದು ಎಚ್ಚರಿಕೆ: ಗೆರೆಯ ಬುಡನ ಒಳಗಡೆಗೆ ಕೊರೀಬೇಡಿ. ಬೆಟ್ಟದ ಇಳಿಜಾರಿನ ಹಾಗೆ ಬುಡ ಅಗಲ ಇರ್ಬೇಕು, ಇಲ್ಲಾಂದ್ರೆ ಮೇಲಿನ ಗೆರೆ ಅಲ್ಲಾಡಿ ಹರಿದುಹೋಗತ್ತೆ. ಚಾಕು ಯಾವಾಗಲೂ ಮೈಯಿಂದ ಆಚೆಗೆ, ಎಡಗೈ ಬೆರಳು ಬ್ಲೇಡಿನ ಹಿಂದೆ. ಸಣ್ಣ ಮಕ್ಕಳು ಚಿತ್ರ ಬರೀಲಿ, ಕೆತ್ತೋದು ನೀವು ಮಾಡಿ.

ಬಣ್ಣ ಹಾಕೋಕೆ ಪ್ಯಾಡ್ ಬದಲು ನೀರಿನ ಬಣ್ಣದ ಮಾರ್ಕರ್ ಪೆನ್ನಿಂದ ಸ್ಟಾಂಪ್ ಮೇಲೇ ಬಳಿಯಬಹುದು, ಒಂದೇ ಸ್ಟಾಂಪಲ್ಲಿ ಕೆಂಪು ಇಟ್ಟಿಗೆ, ನೀಲಿ ಕಾಲುವೆ ಎರಡೂ ಬರತ್ತೆ. ಬಳಿಯೋದ್ರೊಳಗೆ ಮೊದಲು ಹಾಕಿದ್ದು ಒಣಗಿರತ್ತೆ, ಒತ್ತೋ ಮುಂಚೆ ಬಾಯಿ ಅಗಲ ಮಾಡಿ ಕನ್ನಡಕಕ್ಕೆ ಊದೋ ಹಾಗೆ "ಹಾ" ಅಂತ ಒಂದು ಸಲ ಊದಿ, ಆ ಉಸಿರಿನ ತೇವಕ್ಕೆ ಬಣ್ಣ ಮತ್ತೆ ಎದ್ದೇಳತ್ತೆ.

ಹಂತ 3: ಮೊದಲು ಬೇರೆಯವರ ಡಬ್ಬಿ ಹುಡುಕಿ

ಐದಾರು ಡಬ್ಬಿ ಹುಡುಕಿದ ಮೇಲಷ್ಟೇ ಸ್ವಂತದ್ದು ಇಡೋ ಯೋಚನೆ ಮಾಡಿ. ಕ್ಲೂಗಳು ಅಟ್ಲಾಸ್ ಕ್ವೆಸ್ಟ್ ಅನ್ನೋ ತಾಣದಲ್ಲೂ ಲೆಟರ್‌ಬಾಕ್ಸಿಂಗ್ ನಾರ್ತ್ ಅಮೆರಿಕ ಅನ್ನೋದ್ರಲ್ಲೂ ಸಿಗತ್ತೆ. ಊರಿನ ಹೆಸರು ಹಾಕಿ ಹುಡುಕಿ, ಕೊನೇ ಸಲ ಯಾವಾಗ ಯಾರಿಗೆ ಸಿಕ್ಕಿದೆ ಅನ್ನೋ ತಾರೀಖು ನೋಡಿ. ವರ್ಷಗಟ್ಟಲೆ ಯಾರಿಗೂ ಸಿಕ್ಕಿಲ್ಲ ಅಂದ್ರೆ ಅದು ಕಳೆದುಹೋಗಿರೋ ಚಾನ್ಸೇ ಜಾಸ್ತಿ, ಮಕ್ಕಳನ್ನ ಮೊದಲ ದಿನವೇ ಅಂಥದ್ದಕ್ಕೆ ಕರ್ಕೊಂಡು ಹೋಗಿ ಬರಿಗೈಯಲ್ಲಿ ವಾಪಸ್ ಬಂದ್ರೆ ಎರಡನೇ ದಿನ ಯಾರೂ ಬರಲ್ಲ.

ಕ್ಲೂ ಓದುವಾಗ ಎರಡು ಜಾಗದಲ್ಲಿ ಎಲ್ಲರೂ ಕೆಡ್ತಾರೆ.

ಒಂದು, ಪೇಸ್ ಅನ್ನೋ ಮಾತು. ಕೆಲವರಿಗೆ ಅದು ಒಂದು ಹೆಜ್ಜೆ, ಕೆಲವರಿಗೆ ಎಡ ಬಲ ಸೇರಿ ಎರಡು ಹೆಜ್ಜೆ. ಹತ್ತು ಪೇಸ್ ನಡೆದು ಏನೂ ಕಾಣ್ಲಿಲ್ಲ ಅಂದ್ರೆ ಇಪ್ಪತ್ತು ಹೆಜ್ಜೆ ದೂರದಲ್ಲೂ ಒಂದು ಸಲ ನೋಡಿ.

ಎರಡು, ಕಂಪಾಸು. ಕಂಪಾಸಿನ ಮುಳ್ಳು ತೋರಿಸೋ ಉತ್ತರ, ನಕ್ಷೆಯ ಉತ್ತರ ಎರಡೂ ಒಂದೇ ಅಲ್ಲ. ಈ ಕಡೆ ಮ್ಯಾಸಚೂಸೆಟ್ಸ್‌ನಲ್ಲಿ ಮುಳ್ಳು ಸುಮಾರು 14 ಡಿಗ್ರಿ ಪಶ್ಚಿಮಕ್ಕೆ ವಾಲಿರತ್ತೆ. ಕ್ಲೂ ಬರೆದೋರು ಸಾಮಾನ್ಯವಾಗಿ ಮುಳ್ಳಿನ ಲೆಕ್ಕದಲ್ಲೇ ಬರೆದಿರ್ತಾರೆ, ನಿಮ್ಮ ಫೋನಿನ ಕಂಪಾಸು ಮಾತ್ರ ಸೆಟ್ಟಿಂಗ್ ಪ್ರಕಾರ ನಕ್ಷೆಯ ಉತ್ತರ ತೋರಿಸ್ತಿರಬಹುದು. 35 ಹೆಜ್ಜೆ ನಡೆಯೋದ್ರೊಳಗೆ ಈ 14 ಡಿಗ್ರಿ ನಿಮ್ಮನ್ನ ಆರು ಮೀಟರ್‌ಗೂ ಜಾಸ್ತಿ ಪಕ್ಕಕ್ಕೆ ತಗೊಂಡು ಹೋಗಿರತ್ತೆ. ಗಿರಣಿ ಹತ್ರ ಇನ್ನೂ ಒಂದು ಕಾಟ ಇದೆ, ಟ್ರಾಲಿ ಹಳಿ, ಕಬ್ಬಿಣದ ಸೇತುವೆ, ಕಾಲುವೆ ಗೇಟು ಇವೆಲ್ಲ ಮುಳ್ಳನ್ನ ಎಳೀತವೆ. ಕಬ್ಬಿಣದಿಂದ ನಾಲ್ಕಾರು ಹೆಜ್ಜೆ ಆಚೆ ನಿಂತು ನೋಡಿ.

ಡಬ್ಬಿ ಸಿಕ್ಕಿದ ಮೇಲೆ ಅಲ್ಲೇ ನಿಂತು ಸ್ಟಾಂಪ್ ಹಾಕ್ಬೇಡಿ. ಸುತ್ತ ಜನ ನೋಡ್ಕೊಂಡು ಡಬ್ಬಿ ಎತ್ಕೊಂಡು ಸ್ವಲ್ಪ ದೂರದ ಬೆಂಚ್ ಮೇಲೆ ಕೂತು ಕೆಲಸ ಮುಗಿಸಿ, ಆಮೇಲೆ ವಾಪಸ್ ಇಡಿ. ಇಡೋವಾಗ ಮೇಲಿದ್ದ ಕಲ್ಲು, ಎಲೆ ಎಲ್ಲಾ ಮೊದಲಿದ್ದ ಹಾಗೇ. "ಇನ್ನೂ ಚೆನ್ನಾಗಿ ಬಚ್ಚಿಡೋಣ" ಅಂತ ಜಾಗ ಬದಲಾಯಿಸಿದ್ರೆ ಮುಂದಿನೋರಿಗೆ ಕ್ಲೂ ಸುಳ್ಳಾಗತ್ತೆ.

ಹೊಳೆ ದಂಡೆ, ಹಳೇ ಗೋಡೆ ಬುಡ ಅಂದ್ರೆ ಪಾಯ್ಸನ್ ಐವಿ ಇರತ್ತೆ, ಮೂರು ಮೂರು ಎಲೆಯ ಬಳ್ಳಿ, ಮುಟ್ಟಿದ್ರೆ ವಾರಗಟ್ಟಲೆ ತುರಿಕೆ. ಕೈ ಹಾಕೋ ಮುಂಚೆ ಕೋಲಿನಿಂದ ಸರಿಸಿ ನೋಡಿ. ಹುಲ್ಲಲ್ಲಿ ಓಡಾಡಿ ಬಂದ ಮೇಲೆ ಉಣ್ಣಿ ಇದೆಯಾ ಅಂತ ಮಕ್ಕಳ ಮೊಣಕಾಲಿನ ಹಿಂದೆ, ಕಿವಿ ಹಿಂದೆ ನೋಡೋದು ಮರೀಬೇಡಿ, ಈ ಕಡೆ ಲೈಮ್ ಕಾಯಿಲೆ ಬರೋದೇ ಅದರಿಂದ.

ಹಂತ 4: ಗಿರಣಿ ಸುತ್ತ ಒಂದು ಸಲ ಸುಮ್ನೆ ನಡೀರಿ

ಸ್ವಂತ ಹಂಟ್, ಅಂದ್ರೆ ತಾವೇ ಕ್ಲೂ ಬರೆದು ಬೇರೆಯವರಿಂದ ಹುಡುಕಿಸೋ ಆಟ, ಮಾಡೋರಿಗೆ ಇದು. ಡಬ್ಬಿ, ಸ್ಟಾಂಪ್ ಎಲ್ಲಾ ಮನೇಲಿಟ್ಟು, ಒಂದು ನೋಟ್‌ಬುಕ್ ಮಾತ್ರ ಹಿಡ್ಕೊಂಡು ಹೋಗಿ. ಬಾಸ್ಟನ್ ಕಡೆಯಿಂದ ಬರೋರಿಗೆ ನಾರ್ತ್ ಸ್ಟೇಷನ್‌ನಿಂದ ಲೋವೆಲ್‌ಗೆ ಸೀದಾ ರೈಲಿದೆ. ಗಿರಣಿ ಪ್ರದೇಶ ಈಗ ನ್ಯಾಷನಲ್ ಪಾರ್ಕು, ಮೊದಲು ಮಾರ್ಕೆಟ್ ಸ್ಟ್ರೀಟಿನಲ್ಲಿರೋ ಅದರ ವಿಸಿಟರ್ ಸೆಂಟರ್‌ಗೆ ಹೋಗಿ ನಕ್ಷೆ ತಗೊಳ್ಳಿ. ಅಲ್ಲಿ ನ್ಯಾಷನಲ್ ಪಾರ್ಕ್‌ಗಳ ಪಾಸ್‌ಪೋರ್ಟ್ ಪುಸ್ತಕಕ್ಕೆ ಒತ್ತೋ ತಾರೀಖಿನ ಸ್ಟಾಂಪೂ ಇರತ್ತೆ, ಅದನ್ನ ನಿಮ್ಮ ಲೆಟರ್‌ಬಾಕ್ಸ್ ಪುಸ್ತಕದ ಮೊದಲ ಪುಟಕ್ಕೆ ಒತ್ತಿಸ್ಕೊಂಡ್ರೆ ಮಕ್ಕಳಿಗೆ ಆ ದಿನದ ಮೊದಲ ಬೋಣಿ ಆಯ್ತು.

ಊರಿನ ಕಥೆ ಸ್ವಲ್ಪ ಗೊತ್ತಿರಲಿ, ಕ್ಲೂ ಹುಟ್ಟೋದು ಅದರಿಂದ್ಲೇ. ಫ್ರಾನ್ಸಿಸ್ ಕ್ಯಾಬಟ್ ಲೋವೆಲ್ ಅನ್ನೋ ವ್ಯಾಪಾರಿ ಇಂಗ್ಲೆಂಡಿಗೆ ಹೋಗಿ ಅಲ್ಲಿನ ಯಂತ್ರ ಮಗ್ಗನ ನೋಡಿ ತಲೇಲಿ ಇಟ್ಕೊಂಡು ಬಂದು ವಾಲ್ಥಮ್‌ನಲ್ಲಿ ಗಿರಣಿ ಮಾಡಿದ. 1817ರಲ್ಲಿ ತೀರಿಕೊಂಡ, ತನ್ನ ಹೆಸರಿನ ಊರು ನೋಡ್ಲೇ ಇಲ್ಲ. ಅವನ ಜೊತೆಗಾರರು ಮೆರಿಮ್ಯಾಕ್ ನದಿ ಪಾಟಕೆಟ್ ಫಾಲ್ಸ್‌ನಲ್ಲಿ ಸುಮಾರು 32 ಅಡಿ ಇಳಿಯೋದನ್ನ ಹಿಡ್ಕೊಂಡು, ಹಳೇ ದೋಣಿ ಕಾಲುವೆನ ನೀರಿನ ಚಕ್ರಗಳಿಗೆ ತಿರುಗಿಸಿ, 1820ರ ದಶಕದಲ್ಲಿ ಊರೇ ಕಟ್ಟಿದ್ರು. ಈಗಲೂ ಸುಮಾರು ಐದೂವರೆ ಮೈಲಿ ಕಾಲುವೆ ಊರೊಳಗೆ ಹರಿದಾಡತ್ತೆ. ನೀರಿನ ಬೀಳು, ಅದರ ಪಕ್ಕ ಹತ್ತಿ ಗಿರಣಿ ಅಂದ್ರೆ ನಮ್ಮಲ್ಲಿ ಯಾರಿಗಾದ್ರೂ ಗೋಕಾಕ ಫಾಲ್ಸ್ ನೆನಪಾಗ್ಲೇಬೇಕು, 1880ರ ದಶಕದಲ್ಲಿ ಘಟಪ್ರಭೆ ನೀರಿನ ಬಲದ ಮೇಲೆ ಅಲ್ಲಿ ಗಿರಣಿ ಎದ್ದಿದ್ದೂ ಇದೇ ಲೆಕ್ಕಾಚಾರದಲ್ಲಿ.

ನೋಡ್ಬೇಕಾದ ಜಾಗ ಮುಖ್ಯವಾಗಿ ಎರಡು. ಒಂದು, 1835ರ ಹತ್ತಿ ಗಿರಣಿ ಬೂಟ್ ಮಿಲ್ಸ್. ಈಸ್ಟರ್ನ್ ಕಾಲುವೆ ದಾಟಿ ಒಳಗೆ ಹೋದ್ರೆ ಅಂಗಳ, ಕೆಂಪು ಇಟ್ಟಿಗೆ ಗೋಡೆ, ಗಂಟೆ ಗೋಪುರ. ಈಗ ಅಲ್ಲಿರೋ ಮ್ಯೂಸಿಯಂನ ಮಗ್ಗದ ಹಾಲ್‌ನಲ್ಲಿ ಎಂಬತ್ತಕ್ಕೂ ಜಾಸ್ತಿ ಯಂತ್ರ ಮಗ್ಗ ಇಟ್ಟಿದ್ದಾರೆ, ಅದರಲ್ಲಿ ಕೆಲವನ್ನ ಮಾತ್ರ ಓಡಿಸ್ತಾರೆ, ಅಷ್ಟಕ್ಕೇ ಕಿವಿಗೆ ಹಾಕೋಕೆ ಪ್ಲಗ್ ಕೊಡ್ತಾರೆ. ನೆಲ ನಡುಗೋದು ಚಪ್ಪಲಿ ಅಡಿಗೆ ಗೊತ್ತಾಗತ್ತೆ. ಹಳ್ಳಿಯಿಂದ ಬಂದ ಹುಡುಗೀರು ಗಂಟೆ ಹೊಡೆದ್ರೆ ಏಳೋದು, ಗಂಟೆ ಹೊಡೆದ್ರೆ ಊಟ, ವಾರಕ್ಕೆ 70 ಗಂಟೆಗೂ ಮೇಲೆ ಈ ಸದ್ದಲ್ಲೇ ನಿಂತು ಕೆಲಸ. 1834ರಲ್ಲೂ 1836ರಲ್ಲೂ ಅವರು ಕೆಲಸ ಬಿಟ್ಟು ಹೊರಗೆ ಬಂದು ಮುಷ್ಕರ ಮಾಡಿದ್ರು.

ಎರಡನೇದು ಗಾರ್ಡ್ ಲಾಕ್ಸ್ (ಕಾಲುವೆಗೆ ಬರೋ ನೀರು ತಡೆಯೋ ಗೇಟುಗಳಿರೋ ಜಾಗ) ಹತ್ರದ ಫ್ರಾನ್ಸಿಸ್ ಗೇಟ್, ಬೂಟ್ ಮಿಲ್ಸ್‌ನಿಂದ ಸ್ವಲ್ಪ ದೂರ. ಕಾಲುವೆಗಳ ಇಂಜಿನಿಯರ್ ಜೇಮ್ಸ್ ಫ್ರಾನ್ಸಿಸ್ (ನಮ್ಮ ಹೈಡ್ರೋ ಪ್ಲಾಂಟ್‌ಗಳಲ್ಲಿ ಫ್ರಾನ್ಸಿಸ್ ಟರ್ಬೈನ್ ಅಂತ ಕೇಳಿರ್ತೀರಲ್ಲ, ಅದೇ ಆಸಾಮಿ) 1850ರಲ್ಲಿ ಕಾಲುವೆ ಮೇಲೆ ಒಂದು ದೊಡ್ಡ ಮರದ ಗೇಟು ನೇತುಹಾಕಿಸಿದ. ಜನ ಇದು ಫ್ರಾನ್ಸಿಸ್‌ನ ಹುಚ್ಚಾಟ ಅಂತ ನಕ್ಕರು. ಎರಡೇ ವರ್ಷಕ್ಕೆ 1852ರಲ್ಲಿ ಪ್ರವಾಹ ಬಂತು, ಕಬ್ಬಿಣದ ಕೊಂಡಿ ಕಡಿದು ಗೇಟು ಬೀಳಿಸಿದ್ರು, ಊರು ಉಳೀತು. 1936ರಲ್ಲಿ ಮತ್ತೆ ಅದೇ ಗೇಟು ಕೆಲಸಕ್ಕೆ ಬಂತು. ಇಂಥ ಕಥೆ ಇರೋ ಜಾಗ ಸಿಕ್ಕಿದ್ರೆ ಕ್ಲೂ ತಾನಾಗೇ ಬರೆದುಕೊಳ್ಳತ್ತೆ.

ಎಚ್ಚರಿಕೆ: ಕಾಲುವೆ ಅಂಚು ನೆಟ್ಟಗೆ ಇಳಿದಿರೋ ಕಲ್ಲಿನ ಗೋಡೆ, ಬಿದ್ದರೆ ಹತ್ತೋಕೆ ಹಿಡಿ ಇಲ್ಲ. ಮಕ್ಕಳ ಕೈ ಬಿಡಬೇಡಿ, ರೇಲಿಂಗ್ ಆಚೆ ಹೋಗೋ ಹಾಗೆ ಯಾವ ಕ್ಲೂನೂ ಬರೀಬೇಡಿ. ಜುಲೈ ಕೊನೇ ವಾರಾಂತ್ಯ ಅಲ್ಲಿ ಫೋಕ್ ಫೆಸ್ಟಿವಲ್, ಹಾಡು ಕೇಳೋಕೆ ಹೋಗಿ, ಡಬ್ಬಿ ಹುಡುಕೋಕೆ ಬೇಡ.

ಹಂತ 5: ಕ್ಲೂ ಬರೆಯೋದು

ಅಲ್ಲಾಡದೇ ಇರೋದನ್ನ ಮಾತ್ರ ಗುರುತಾಗಿ ತಗೊಳ್ಳಿ. ಕೆತ್ತಿದ ವರ್ಷ, ಗ್ರಾನೈಟ್ ಕಂಬ, ಗೋಪುರ, ಸೇತುವೆ ಇವು ಸರಿ. ಕಸದ ಡಬ್ಬ, ಅಂಗಡಿ ಬೋರ್ಡು, ಬೆಂಚು, ಸಣ್ಣ ಗಿಡ ಇವೆಲ್ಲ ಮುಂದಿನ ವರ್ಷ ಇರ್ತವೆ ಅಂತ ಗ್ಯಾರಂಟಿ ಇಲ್ಲ. ಹೆಜ್ಜೆ ಲೆಕ್ಕ ಕೊಟ್ರೆ ಅದು ಮುಗಿಯೋ ಕಡೆ ಏನಿದೆ ಅಂತಾನೂ ಹೇಳಿ, ಎಂಟು ವರ್ಷದ ಹುಡುಗಿ ಹೆಜ್ಜೆ, ಅವಳಪ್ಪನ ಹೆಜ್ಜೆ ಒಂದೇ ಅಲ್ಲ.

ಅಂಕಿ ಬಚ್ಚಿಡೋಕೆ ಸುಲಭದ ದಾರಿ ಅಂದ್ರೆ ವರ್ಷದ ಅಂಕಿ ಕೂಡಿಸೋದು. 1835 ಅಂದ್ರೆ 17, 1852 ಅಂದ್ರೆ 16. ಆದ್ರೆ ನಮ್ಮ ಮಕ್ಕಳಿಗೆ ಮಾಡ್ತಿದ್ದೀರಿ ಅಂದ್ರೆ ನಮ್ಮಲ್ಲೇ ಇರೋ ಕಟಪಯಾದಿ, ಅಂದ್ರೆ ಅಕ್ಷರನ ಅಂಕಿ ಮಾಡೋ ಹಳೇ ಪದ್ಧತಿ, ಬಳಸಿ ನೋಡಿ, ಇದಕ್ಕಿಂತ ಒಳ್ಳೇ ಗುಪ್ತಲಿಪಿ ನನಗೆ ಗೊತ್ತಿಲ್ಲ. ಕ ದಿಂದ ಝ ವರೆಗೆ 1 ರಿಂದ 9, ಟ ದಿಂದ ಧ ವರೆಗೆ ಮತ್ತೆ 1 ರಿಂದ 9, ಪ ದಿಂದ ಮ ವರೆಗೆ 1 ರಿಂದ 5, ಯ ದಿಂದ ಹ ವರೆಗೆ (ಯ ರ ಲ ವ ಶ ಷ ಸ ಹ) 1 ರಿಂದ 8. ಞ, ನ ಎರಡೂ ಸೊನ್ನೆ. ಒತ್ತಕ್ಷರ ಇದ್ರೆ ಕೊನೇ ವ್ಯಂಜನ ಮಾತ್ರ ಲೆಕ್ಕ. ಕಾಗುಣಿತ ಲೆಕ್ಕಕ್ಕಿಲ್ಲ. ಅಂಕಿ ಬಂದ ಮೇಲೆ ಬಲದಿಂದ ಎಡಕ್ಕೆ ಓದಬೇಕು.

ಈಗ "ಮಗ್ಗ" ಹಾಕಿ ನೋಡಿ. ಮ ಅಂದ್ರೆ 5, ಗ್ಗ ಅಂದ್ರೆ 3, ತಿರುಗಿಸಿದ್ರೆ 35. "ಜಯ" ಹಾಕಿ, ಜ 8, ಯ 1, ತಿರುಗಿಸಿದ್ರೆ 18. ಎರಡನ್ನೂ ಸೇರಿಸಿ "ಮಗ್ಗಜಯ" ಅಂದ್ರೆ ಬರೋದು 1835, ಬೂಟ್ ಮಿಲ್ಸ್ ವರ್ಷವೇ! ಇದು ಸಿಕ್ಕಿದ ರಾತ್ರಿ ನನಗೆ ನಿದ್ದೆ ಬರ್ಲಿಲ್ಲ. "ನೂಲು" 30, "ಗಿರಣಿ" 523. ಮಕ್ಕಳಿಗೆ ಪಟ್ಟಿ ಒಂದು ಚೀಟಿಯಲ್ಲಿ ಬರೆದು ಕೊಡಿ, ಅರ್ಧ ಗಂಟೆಯಲ್ಲಿ ತಮ್ಮ ಹೆಸರುಗಳನ್ನೆಲ್ಲ ಅಂಕಿ ಮಾಡ್ಕೊಂಡು ಕೂತಿರ್ತಾರೆ, ವರ್ಣಮಾಲೆ ಬಾಯಿಪಾಠ ಮಾಡಿಸೋ ಕಷ್ಟವೂ ತಪ್ಪಿತು.

ಒಂದು ಮಾದರಿ ಕ್ಲೂ ಕೊಡ್ತೀನಿ. ಉದಾಹರಣೆಗಷ್ಟೇ ಬರೆದಿದ್ದು, ಅಲ್ಲಿ ಡಬ್ಬಿ ಇಲ್ಲ, ಹೋಗಿ ಹುಡುಕಬೇಡಿ:

ಗಂಟೆ ಹೊಡೆದರೆ ಊರೇ ಎದ್ದಿತು, ಗೋಪುರ ಯಾವುದು ಹೇಳು,
ಬೆನ್ನು ಅದಕ್ಕೆ, ಮುಖ ನೀರಿಗೆ, ಸೇತುವೆ ಮೇಲೆ ತಾಳು.
ಆಚೆ ದಾಟಿ "ಮಗ್ಗ" ಎಣಿಸು, ಹಳಿಯ ತುಳಿಯಬೇಡ,
ಕಲ್ಲ ಕಂಬ ಕಂಡ ಮೇಲೆ ಮುಂದೆ ನಡೆಯಬೇಡ.
"ಮಗ್ಗಜಯ"ವು ಯಾವ ವರುಷ? ಅಂಕಿ ಕೂಡಿ ಬಾ,
ಕಾಫಿ ಕುಡಿವ ಕಟ್ಟೆಯಲ್ಲಿ ಉತ್ತರ ಹೇಳಿ ತಾ.

ಕೊನೇ ಎರಡು ಸಾಲು ನೋಡಿ, ಉತ್ತರ 17, ಅದನ್ನ ಒಂದು ಕೌಂಟರ್‌ನಲ್ಲಿ ಹೇಳಿದ್ರೆ ಡಬ್ಬಿ ಕೈಗೆ ಬರತ್ತೆ. ಗಿರಣಿ ಹತ್ರ ಏನೂ ಬಚ್ಚಿಟ್ಟಿಲ್ಲ. ಇಂಥದ್ದೇ ನಿಮಗೆ ಬೇಕಾಗಿರೋದು. ಎಲ್ಲರಿಗೂ ಬಿಡೋ ಹಂಟ್ ಆದ್ರೆ ಇಂಗ್ಲಿಷ್ ಕ್ಲೂ ಬೇರೆ ಬರೀರಿ, ಕಟಪಯಾದಿ ಗೊತ್ತಿಲ್ಲದೋರು ಪಾಪ ಏನು ಮಾಡ್ಬೇಕು.

ಬರೆದ ಮೇಲೆ ನೀವು ಸುಮ್ನಿದ್ದು, ಆ ಜಾಗ ನೋಡೇ ಇಲ್ಲದ ಒಬ್ಬ ಗೆಳೆಯರ ಕೈಗೆ ಕ್ಲೂ ಕೊಟ್ಟು ಹಿಂದೆ ನಡೀರಿ. ಬಾಯಿ ಬಿಡಬಾರದು. ಅವರು ಎಲ್ಲಿ ನಿಂತು ತಲೆ ಕೆರ್ಕೋತಾರೋ ಆ ಸಾಲು ತಿದ್ದಿ.

ಹಂತ 6: ಡಬ್ಬಿ ಎಲ್ಲಿ ಇಡ್ಬೇಕು, ಎಲ್ಲಿ ಇಡಲೇಬಾರದು

ಲೋವೆಲ್‌ನ ಗಿರಣಿ, ಕಾಲುವೆ ಪ್ರದೇಶ 1978ರಿಂದ ನ್ಯಾಷನಲ್ ಹಿಸ್ಟಾರಿಕಲ್ ಪಾರ್ಕು. ಪಾರ್ಕ್ ಜಾಗದಲ್ಲಿ ಅನುಮತಿ ಇಲ್ಲದೆ ಏನನ್ನೂ ಬಿಟ್ಟು ಬರೋ ಹಾಗಿಲ್ಲ, ನೆಲ ಅಗೆಯೋದು, ಇಟ್ಟಿಗೆ ಸರಿಸೋದು ಅಂತೂ ದೂರದ ಮಾತು. ಅದೂ ಅಲ್ಲದೆ ಅಲ್ಲಿನ ಜಾಗ ಒಂದಿಷ್ಟು ಪಾರ್ಕಿನದು, ಒಂದಿಷ್ಟು ರಾಜ್ಯದ್ದು, ಒಂದಿಷ್ಟು ಊರಿನದು, ಎಷ್ಟೋ ಹಳೇ ಗಿರಣಿಗಳು ಈಗ ಜನ ವಾಸ ಇರೋ ಅಪಾರ್ಟ್‌ಮೆಂಟು, ಆಫೀಸು. ನೋಡೋಕೆ ಎಲ್ಲಾ ಒಂದೇ ಇಟ್ಟಿಗೆ, ಮಾಲೀಕರು ಬೇರೆ ಬೇರೆ. ಯಾರ ಜಾಗ ಅಂತ ಗೊತ್ತಾಗದೇ ಇಡಬೇಡಿ, ಗೊತ್ತಾದ ಮೇಲೆ ಕೇಳದೇ ಇಡಬೇಡಿ.

ಎರಡನೇ ಕಾರಣ ಇನ್ನೂ ಗಂಭೀರ. 2007ರ ಜನವರಿ 31ರಂದು ಬಾಸ್ಟನ್‌ನಲ್ಲಿ ಒಂದು ಕಾರ್ಟೂನ್ ಷೋ ಪ್ರಚಾರಕ್ಕೆ ಅಂತ ಸೇತುವೆ ಅಲ್ಲಿ ಇಲ್ಲಿ ಅಂಟಿಸಿದ್ದ ಲೈಟಿನ ಬೋರ್ಡುಗಳನ್ನ ಬಾಂಬ್ ಅಂದ್ಕೊಂಡು ರಸ್ತೆಗಳನ್ನೇ ಮುಚ್ಚಿಬಿಟ್ರು. 2013ರ ಮ್ಯಾರಥಾನ್ ಬಾಂಬ್ ಆದ ಮೇಲಂತೂ ಕೇಳೋದೇ ಬೇಡ. ಊರ ಮಧ್ಯೆ ಸೇತುವೆ ಕೆಳಗೆ ಟೇಪ್ ಸುತ್ತಿದ ಡಬ್ಬಿ ಕಂಡ್ರೆ ಜನ ಪೊಲೀಸರಿಗೆ ಫೋನ್ ಮಾಡೋದೇ ಸರಿ. ನಮ್ಮಂಥ ಮುಖದೋರು ಪೊದೆಯಲ್ಲಿ ಕೈ ಹಾಕ್ಕೊಂಡು ನಿಂತಿದ್ರೆ ಇನ್ನೂ ಬೇಗ ಫೋನ್ ಹೋಗತ್ತೆ, ಅದನ್ನೂ ನಾವೇ ಹೇಳ್ಕೋಬೇಕು.

ಹಾಗಾದ್ರೆ ಎಲ್ಲಿಡೋದು? ಒಳ್ಳೇದು ಅಂದ್ರೆ ನಿಮಗೆ ಪರಿಚಯ ಇರೋ ಅಂಗಡಿ ಕೌಂಟರಿನ ಹಿಂದೆ, ಕೇಳಿ ಒಪ್ಪಿಸಿದ ಲೈಬ್ರರಿ ಕಪಾಟಿನಲ್ಲಿ, ಗೆಳೆಯರ ಮನೆ ಮುಂದಿನ ತೋಟದಲ್ಲಿ. ಹೊರಗಡೆನೇ ಬೇಕು ಅಂದ್ರೆ ಲೋವೆಲ್ ಡ್ರೇಕಟ್ ಟಿಂಗ್ಸ್‌ಬರೋ ಸ್ಟೇಟ್ ಫಾರೆಸ್ಟ್ ಹತ್ರಾನೇ ಇದೆ, ಕ್ಲೂ ಗಿರಣಿಯಲ್ಲಿ ಶುರುವಾಗಿ ಕಾಡಲ್ಲಿ ಮುಗೀಲಿ, ಅಲ್ಲೂ ಮೇಲ್ವಿಚಾರಕರನ್ನ ಮೊದಲು ಕೇಳ್ಕೊಂಡೇ ಇಡಿ. ಇದ್ಯಾವುದೂ ಆಗ್ಲಿಲ್ಲ ಅಂದ್ರೆ ಡಬ್ಬಿ ನಿಮ್ಮ ಬ್ಯಾಗಲ್ಲೇ ಇರಲಿ. ಹತ್ತು ಮಕ್ಕಳನ್ನ ಕರ್ಕೊಂಡು ಹೋಗಿ ಕ್ಲೂ ಬಿಡಿಸಿದೋರಿಗೆ ಕೊನೇ ಜಾಗದಲ್ಲಿ ನೀವೇ ಕೂತು ಸ್ಟಾಂಪ್ ಕೊಡಿ, ಮಕ್ಕಳಿಗೆ ಏನೂ ವ್ಯತ್ಯಾಸ ಗೊತ್ತಾಗಲ್ಲ.

ಹಂತ 7: ಡಬ್ಬಿ ಕಟ್ಟೋದು, ಆಮೇಲೆ ನೋಡ್ಕೊಳ್ಳೋದು

ನಾಲ್ಕೂ ಕಡೆ ಕ್ಲಿಪ್ ಇರೋ, ಒಳಗೆ ರಬ್ಬರ್ ಪಟ್ಟಿ ಇರೋ, ಒಳಗಿರೋದು ಕಾಣೋ ಹಾಗಿರೋ ಪ್ಲಾಸ್ಟಿಕ್ ಡಬ್ಬಿ ತಗೊಳ್ಳಿ. ಮೊಸರಿನ ಡಬ್ಬ, ಟೇಕ್‌ಔಟ್ ಡಬ್ಬ ಬೇಡ, ಚಳಿಗೆ ಸೀಳಿ ಹೋಗತ್ತೆ. ಸ್ಟಾಂಪ್ ಒಂದು ಜಿಪ್‌ಲಾಕಲ್ಲಿ, ಪುಸ್ತಕ ಇನ್ನೊಂದರಲ್ಲಿ, ಎರಡೂ ಸೇರಿ ಮೂರನೇದರಲ್ಲಿ. ಜಾಸ್ತಿ ಆಯ್ತು ಅನ್ನಿಸ್ಬಹುದು. ನನ್ನ ಮೊದಲ ಡಬ್ಬಿಗೆ ಒಂದೇ ಕವರ್ ಹಾಕಿದ್ದೆ, ಮಾರ್ಚ್‌ನಲ್ಲಿ ಹಿಮ ಕರಗಿದ ಮೇಲೆ ತೆಗೆದು ನೋಡಿದ್ರೆ ಪುಸ್ತಕ ನೆನೆಸಿಟ್ಟ ಅವಲಕ್ಕಿ ಆಗಿತ್ತು. ತಿಂಡಿ, ಚಾಕೊಲೇಟ್ ಒಳಗೆ ಇಡಬೇಡಿ, ಅಳಿಲು ಡಬ್ಬಿಯನ್ನೇ ಕಡಿಯತ್ತೆ.

ಡಬ್ಬಿ ಮೇಲೆ ದೊಡ್ಡದಾಗಿ, ಊರಿನೋರಿಗೆ ಅರ್ಥವಾಗೋ ಭಾಷೆಯಲ್ಲಿ, ಇದು ಲೆಟರ್‌ಬಾಕ್ಸ್, ಆಟದ್ದು, ಅಪಾಯ ಇಲ್ಲ ಅಂತ ಬರೆದು, ಇದಕ್ಕೇ ಅಂತ ಮಾಡ್ಕೊಂಡ ಒಂದು ಈಮೇಲ್ ಹಾಕಿ. ಪುಸ್ತಕದ ಮೊದಲ ಪುಟದಲ್ಲಿ, ಗೊತ್ತಿಲ್ಲದೆ ಕೈಗೆ ಸಿಕ್ಕಿದೋರಿಗೆ ಅಂತ, ಆಟದ ನಿಯಮ ನಾಲ್ಕು ಸಾಲಲ್ಲಿ ಬರೀರಿ. ಮೊದಲು ಹುಡುಕಿದೋರಿಗೆ ಒಂದು ಪುಟ ಬಿಡಿ, ಅದಕ್ಕೆ ಫಸ್ಟ್ ಫೈಂಡರ್ ಅಂತಾರೆ, ಆ ಪುಟಕ್ಕಾಗಿ ಬೆಳಗ್ಗೆ ಆರಕ್ಕೇ ಓಡಿ ಬರೋರನ್ನ ನೋಡಿದ್ದೀನಿ.

ವರ್ಷಕ್ಕೆ ಎರಡು ಸಲ, ಹಿಮ ಬೀಳೋ ಮುಂಚೆ ಒಂದು, ಕರಗಿದ ಮೇಲೆ ಒಂದು, ಹೋಗಿ ನೋಡ್ಕೊಂಡು ಬನ್ನಿ. ಡಬ್ಬಿ ಕಳೆದುಹೋಗಿದ್ರೆ ಕ್ಲೂನ ಅವತ್ತೇ ತೆಗೆದುಹಾಕಿ. ಊರು ಬಿಟ್ಟು ಹೋಗ್ತಿದ್ದೀರಿ ಅಂದ್ರೆ ಇನ್ನೊಬ್ಬರಿಗೆ ಒಪ್ಪಿಸಿ ಇಲ್ಲಾ ಎತ್ಕೊಂಡು ಹೋಗಿ, ಬಿಟ್ಟು ಹೋದ್ರೆ ಅದು ಕಸ.

ಇನ್ನೆರಡು ಪ್ರಶ್ನೆ ಪದೇ ಪದೇ ಬರ್ತವೆ.

ಮಕ್ಕಳಿಗೆ ಎಷ್ಟು ವಯಸ್ಸು? ನಡೆಯೋಕೆ ಅಳದೇ ಇರೋ ವಯಸ್ಸು. ಕ್ಲೂ ಬಿಡಿಸೋಕೆ ಏಳೆಂಟು ವರ್ಷ ಆದ್ರೆ ಒಳ್ಳೇದು.

ರಜೆಗೆ ಊರಿಗೆ ಹೋದಾಗ ಅಲ್ಲೂ ಮಾಡ್ಬಹುದಾ? ಸಾರ್ವಜನಿಕ ಜಾಗದಲ್ಲಿ ವಾರಸುದಾರರಿಲ್ಲದ ಡಬ್ಬಿ ಇಡೋದು ಅಲ್ಲಿ ಖಂಡಿತ ಬೇಡ, ಬಸ್‌ಸ್ಟ್ಯಾಂಡ್‌ನಲ್ಲಿ "ಅನಾಮಧೇಯ ವಸ್ತುಗಳನ್ನ ಮುಟ್ಟಬೇಡಿ" ಅಂತ ಕೂಗೋ ದೇಶ ನಮ್ಮದು. ಅಜ್ಜಿ ಮನೆ ಹಿತ್ತಲು, ತೋಟ, ಅಪಾರ್ಟ್‌ಮೆಂಟ್ ಕಾಂಪೌಂಡ್ ಇದಕ್ಕೆ ಸಾಕು. ದಾವಣಗೆರೆ ಕಡೆಯೋರಾದ್ರೆ ಒಂದು ಉಪಾಯ ಇದೆ, ಗಿರಣಿಯಲ್ಲಿ ಕೆಲಸ ಮಾಡಿದ ದೊಡ್ಡೋರು ಮನೇಲೋ ಬೀದೀಲೋ ಒಬ್ಬರಾದ್ರೂ ಇರ್ತಾರೆ, ಕೊನೇ ಕ್ಲೂ ಅವರ ಹತ್ರ ಇಡಿ. ಮಕ್ಕಳು ಹೋಗಿ "ತಾತ, ಸೈರನ್ ಎಷ್ಟು ಗಂಟೆಗೆ ಆಗ್ತಿತ್ತು?" ಅಂತ ಕೇಳ್ಬೇಕು, ಅವರು ಹೇಳಿದ ಅಂಕಿಯಷ್ಟು ಹೆಜ್ಜೆ ಹಾಕಿದ್ರೆ ಡಬ್ಬಿ. ತಾತ ಕಥೆ ಶುರು ಮಾಡಿದ್ರೆ ಅಂಕಿ ಬರೋಕೆ ಸ್ವಲ್ಪ ತಡ ಆಗಬಹುದು, ಅದಕ್ಕೆ ತಿಂಡಿ ಮುಗಿಸ್ಕೊಂಡೇ ಕಳಿಸಿ.